ಗುಲಾಬಿ ಇಟ್ಟ ದಿನ

ಹೆರಿಗೆಯಾದ ಮೇಲೆ ಸಾಯುವ ತಾಯಂದಿರಲ್ಲಿ ಹೆಚ್ಚಿನವರು ಸಾಯುವುದು ಮೊದಲ ಕೆಲವೇ ದಿನಗಳಲ್ಲಿ. ಅದಕ್ಕೇ, ಹೆರಿಗೆ ಎಷ್ಟೇ ಸಲೀಸಾಗಿ ಆಗಿರಲಿ, ತಾಯಿ ಕನಿಷ್ಠ ನಲವತ್ತೆಂಟು ಗಂಟೆ ಆಸ್ಪತ್ರೆಯಲ್ಲಿರಬೇಕು ಎನ್ನುತ್ತದೆ ಸರ್ಕಾರ. ಇದೇನು ಗುಟ್ಟಲ್ಲ. ಆಶಾ ಕಾರ್ಯಕರ್ತೆ ನಿಮ್ಮ ಜಗಲಿಯಲ್ಲಿ ಕೂತು ಹೇಳಿ ಹೋಗಿದ್ದಾಳೆ. ನೀವೂ ತಲೆಯಾಡಿಸಿದ್ದೀರಿ. ಅವಳು ಗೇಟು ದಾಟಿದ ಮೇಲೆ ಪಂಚಾಂಗ ತೆಗೆದಿದ್ದೀರಿ.

ನಾವುಂದದ ಗುಲಾಬಿಗೆ ಪಂಚಾಂಗ ಬೇಕಾಗಿರಲಿಲ್ಲ. ಅವಳ ಬೆರಳ ಗೆಣ್ಣುಗಳಲ್ಲೇ ತಿಥಿ, ವಾರ ಎಲ್ಲ ಇದ್ದವು.

ಗುಲಾಬಿಗೆ ಈಗ ಅರವತ್ತನಾಲ್ಕು. ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ಮೀನುಗಾರರ ಕೇರಿಯಲ್ಲಿ ಅವಳ ಮನೆ. ನಲವತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಬಾಣಂತಿಯನ್ನೂ ಮಗುವನ್ನೂ ಮೀಯಿಸುವುದು. ಅತ್ತೆಯಿಂದ ಕಲಿತದ್ದು. ಮೊದಲ ಐದು ವರ್ಷ ಅತ್ತೆ ಅವಳಿಗೆ ಬಾಣಂತಿಯ ಮೈ ಮುಟ್ಟಲು ಬಿಟ್ಟಿರಲಿಲ್ಲವಂತೆ. ಒಲೆಗೆ ಸೌದೆ ಒಟ್ಟು, ನೆಕ್ಕಿ ಸೊಪ್ಪು ಕುದಿಸು, ನೀರು ಹದ ನೋಡು, ಅಷ್ಟೇ. ಆಮೇಲೆ ಒಂದು ದಿನ ಅತ್ತೆಯ ಸೊಂಟ ಹಿಡಿಯಿತು. ಅಂದಿನಿಂದ ಗುಲಾಬಿ ಬಚ್ಚಲಿನಲ್ಲಿ ಕಾಲು ನೀಡಿ ಕೂತವಳು, ಆ ಕಾಲಿನ ಮೇಲೆ ಎಷ್ಟು ಮಕ್ಕಳನ್ನು ಮಲಗಿಸಿದಳೋ ಲೆಕ್ಕವಿಲ್ಲ. ಹತ್ತಿರದ ಮೂರು ಊರುಗಳಲ್ಲಿ ಟೆಂಪೊ ಓಡಿಸುವ ಹುಡುಗರು, ಬಲೆ ಹೆಣೆಯುವ ಗಂಡಸರು, ಬ್ಯಾಂಕಿನಲ್ಲಿ ಕೂತ ಹೆಂಗಸರು, ಎಲ್ಲರ ಮೂಗು ನೆಟ್ಟಗೆ ಮಾಡಿದ್ದು ತಾನೇ ಎಂದು ಹೇಳಿಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ಸೀಟು ಬಿಡದೆ ಕೂತರೆ, "ಹ್ವಾಯ್, ನಿನ್ನ ಕುಂಡಿ ತೊಳ್ದ್ ಕೈ ಇದ್, ಏಳ್!" ಎನ್ನುವಳು. ಅವರು ನಗುತ್ತ ಏಳುವರು.

ಅವಳ ಸ್ವಂತ ಹೆರಿಗೆ ಎರಡು. ಎರಡೂ ಮನೆಯ ಕತ್ತಲೆ ಕೋಣೆಯಲ್ಲಿ. ಎರಡನೆಯದು ಹೆಣ್ಣು, ಒಂಬತ್ತು ದಿನ ಬದುಕಿತ್ತು. ಆ ಮಗುವಿನ ಮಾತು ಬಂದರೆ ಗುಲಾಬಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾಳೆ, ಕೈ ಒಣಗಿದ್ದರೂ.

ಊರು ಅವಳ ಕೈಯನ್ನು ನಂಬಿತು. ಕೈಯ ಜೊತೆಗೆ ಬಾಯಿಯನ್ನೂ ನಂಬಿತು. ಹೆರಿಗೆಯಾದ ಮರುದಿನ ಫೋನು ಬರುತ್ತಿತ್ತು: ಯಾವತ್ತು ಕರೆದುಕೊಂಡು ಬರುವುದು? ಗುಲಾಬಿ ದಿನ ಇಡುವಳು. ಅಮಾವಾಸ್ಯೆಯಂದು ಬಾಣಂತಿ ಹೊಸ್ತಿಲು ದಾಟಬಾರದು. ಅದರ ಮರುದಿನ ಪಾಡ್ಯವೂ ಆಗದು. ಮಂಗಳವಾರ ಬೇಡ, ಶನಿವಾರ ಬೇಡ. ಉಳಿದದ್ದರಲ್ಲಿ ಒಂದು ದಿನ.

ಇದು ಅಜ್ಜಂದಿರ ಕಾಲದ ಪದ್ಧತಿ ಎಂದು ನನ್ನ ಮೇಲೆ ಎಗರಿ ಬರುವವರಿಗೆ ಒಂದು ಮಾತು. ಅಜ್ಜಂದಿರ ಕಾಲದಲ್ಲಿ ಹೆರಿಗೆ ಆಗುತ್ತಿದ್ದುದು ಮನೆಯಲ್ಲಿ. ಮನೆಯಲ್ಲಿ ಹೆತ್ತವಳನ್ನು ಮನೆಗೆ ಕರೆತರಲು ದಿನ ಯಾಕೆ ಬೇಕಿತ್ತು? ಈ ಪದ್ಧತಿಗೆ ನಮ್ಮೂರಿನ ಆಟೋರಿಕ್ಷಾದಷ್ಟೇ ವಯಸ್ಸು. ಹೆರಿಗೆ ಆಸ್ಪತ್ರೆಗೆ ಹೋಯಿತು, ನಮ್ಮ ಭಯವೂ ಹಿಂದೆಯೇ ರಿಕ್ಷಾ ಹತ್ತಿ ಹೋಯಿತು.

ನಾನು ಹೇಳಹೊರಟ ವರ್ಷ ಆಷಾಢದ ಅಮಾವಾಸ್ಯೆ ಗುರುವಾರ ಬಿತ್ತು. ನಾವುಂದದ ಸೀತುವಿನ ಮಗಳು ನವ್ಯಾ ಹೆತ್ತದ್ದು ಅದಕ್ಕೆ ಎರಡು ದಿನ ಮುಂಚೆ, ಮಂಗಳವಾರ ಸಂಜೆ ಐದಕ್ಕೆ. ಚೊಚ್ಚಲ, ಸಹಜ ಹೆರಿಗೆ. ಹೆಣ್ಣು ಮಗು. ನವ್ಯಾಳಿಗೆ ಇಪ್ಪತ್ತನಾಲ್ಕು ವರ್ಷ. ಗಂಡ ಅನೂಪ್ ಬೋಟಿನಲ್ಲಿ ಮೀನು ಹಿಡಿಯುವವನು. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವಂತಿಲ್ಲ, ಆದ್ದರಿಂದ ಅವನಿಗೆ ಆ ವಾರ ಮಾಡಲು ಬೇರೇನೂ ಕೆಲಸವಿರಲಿಲ್ಲ. ಇದನ್ನು ನೆನಪಿಡಿ.

ಆಸ್ಪತ್ರೆಯ ಹೆಸರು ಬೇಡ. ಅಲ್ಲಿನ ಸಿಸ್ಟರ್ ತನ್ನ ಕೆಲಸ ಮಾಡಿದ್ದಾಳೆ. ಬುಧವಾರ ಬೆಳಿಗ್ಗೆ ನವ್ಯಾಳ ತೋಳಿಗೆ ಪಟ್ಟಿ ಸುತ್ತಿ ನೋಡಿ, "ಬಿ.ಪಿ. ನೂರೈವತ್ತು ಉಂಟು. ಕಾಲೂ ಊದಿದೆ. ಡಾಕ್ಟರು ಎರಡು ದಿನ ನೋಡಿಯೇ ಬಿಡುವುದಂತೆ," ಎಂದಿದ್ದಳು.

ಸೀತು ನಕ್ಕಳು. "ಬಿಪಿ ಅಂಬ್ದ್ ಮುದ್ಕರಿಗ್ ಬಪ್ಪುದಲ್ದಾ ಸಿಸ್ಟರೇ? ಇವ್ಳಿಗೆ ಇಪ್ಪತ್ನಾಕ್ ವರ್ಷ."

"ಹೆತ್ತವರಿಗೂ ಬರ್ತದೆ."

ಹತ್ತು ಗಂಟೆಯ ಬಸ್ಸಿಗೆ ಗುಲಾಬಿ ಬಂದಳು, ಸ್ಟೀಲಿನ ಡಬ್ಬಿಯಲ್ಲಿ ಕಾಳುಮೆಣಸಿನ ಸಾರು ಹಿಡಿದುಕೊಂಡು. ಮಗುವನ್ನು ತಿರುಗಿಸಿ ನೋಡಿದಳು. "ಮೂಗ್ ಕಾಣ್ ಸೀತು, ಅಪ್ಪಂದೇ. ಬಂಗ್ಡಿ ವಾಸ್ನಿ ಹಿಡುಕೇ ಹುಟ್ಟಿದ್ದ್ ಇದ್."

"ಅಜ್ಜಿ, ನಗ್ಸಬೇಡಿ, ಹೊಲ್ಗಿ ನೋತಿತ್," ಎಂದಳು ನವ್ಯಾ, ಮಂಚದ ಅಂಚು ಹಿಡಿದು ನಗುತ್ತ.

ಇದನ್ನು ಬರೆಯಲೆಂದು ಅವಳ ಜಗಲಿಯಲ್ಲಿ ಕೂತಿದ್ದ ನನಗೆ ನವ್ಯಾಳ ಆ ನಗುವನ್ನು ಗುಲಾಬಿ ಮೂರು ಸಲ ವರ್ಣಿಸಿದಳು. ಮೂರೂ ಸಲ ಕೊನೆಗೆ ಸೆರಗಿನಿಂದ ಕೈ ಒರೆಸಿಕೊಂಡಳು.

ಸೀತು ಕೇಳಿದಳು, "ಗುಲಾಬಿಯಕ್ಕ, ಯಾವತ್ತ್ ಕರ್ಕಂಡ್ ಹೋಪ ಹೇಳಿ."

ಗುಲಾಬಿ ಹೆಬ್ಬೆರಳಿನಿಂದ ಗೆಣ್ಣು ಎಣಿಸಿದಳು. "ನಾಳೆ ಆಸಾಡಿ ಅಮಾಸಿ, ಆತಿಲ್ಲೆ. ಶುಕ್ರವಾರ ಪಾಡ್ಯ. ಶನಿವಾರ ಬ್ಯಾಡ್ದೇ ಬ್ಯಾಡ. ಇವತ್ತ್ ಸಂಜಿ ಹೋಯ್ಕ್, ಇಲ್ದಿರೆ ಆಯ್ತವಾರ."

ಇವತ್ತು ಸಂಜೆ ಎಂದರೆ ಹೆತ್ತು ಒಂದು ದಿನ. ಭಾನುವಾರ ಎಂದರೆ ಐದು ದಿನ. ಡಾಕ್ಟರು ಹೇಳಿದ ಶುಕ್ರವಾರ ಈ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಸರಿ, ಭಾನುವಾರದವರೆಗೆ ಇರಬಹುದಿತ್ತಲ್ಲ? ಇರಬಹುದಿತ್ತು. ಅದಕ್ಕೆ ಬೇಕಾಗಿದ್ದುದು ಮಂಚದ ಪಕ್ಕ ಒಬ್ಬ ಹೆಂಗಸು. ಗುಲಾಬಿಗೆ ಊರಿನಲ್ಲಿ ಮೀಯಿಸಲು ಬೇರೆ ಬಾಣಂತಿಯರಿದ್ದರು, ಅನೂಪನಿಗೆ ತಾಯಿ ಇರಲಿಲ್ಲ. ಸೀತುವಿನ ಗಂಡ ಮಂಜನಿಗೆ ಪಕ್ಷವಾತವಾಗಿ ಎರಡು ವರ್ಷ. ಬಲಗೈ ಏಳುವುದಿಲ್ಲ. ಗಂಜಿ ಕುಡಿಸಬೇಕು, ಬಟ್ಟೆ ಬದಲಿಸಬೇಕು. ಹಿಂದಿನ ದಿನದಿಂದ ಪಕ್ಕದ ಮನೆಯ ಬೆಳ್ಳಿ ಹೇಗೋ ನೋಡಿಕೊಂಡಿದ್ದಳು. ಸೀತು ಬೆಳ್ಳಿಗೇ ಫೋನು ಮಾಡಿದಳು: ಬಂದು ಎರಡು ದಿನ ಮಗಳ ಹತ್ತಿರ ಕೂರುತ್ತೀಯಾ, ನಾನು ಮನೆಗೆ ಹೋಗುತ್ತೇನೆ.

"ಕ್ವಾಪ ಮಾಡ್ಕಂಬೇಡ ಸೀತಕ್ಕ," ಎಂದಳು ಬೆಳ್ಳಿ. "ಬಪ್ಪ ವಾರ ಪಂಚಮಿ. ನಾಗನಿಗೆ ತನು ಹಾಕುಕಿತ್. ಈಗ ಅಮೆ ಮುಟ್ಟುಕಾತಿಲ್ಲೆ, ನಿಮ್ಮ ಮನಿಗೂ ಇನ್ನ್ ಬಪ್ಪುಕಾತಿಲ್ಲೆ. ಬೇಕಾರೆ ಊಟ ಗೇಟಿನ್ವರ್ಗೆ ಕಳ್ಸ್ತೆ."

ಅಮೆ ಎಂದರೆ ಹೆರಿಗೆಯ ಮೈಲಿಗೆ. ಒಂದು ಜೀವ ಹುಟ್ಟಿದ್ದಕ್ಕೆ ಅಂಟುವ ಮೈಲಿಗೆ. ನಾಗನಿಗೆ ಹಾಲು ಎರೆಯುವ ಕೈ ಒಬ್ಬ ಬಾಣಂತಿಗೆ ನೀರು ಕೊಟ್ಟರೆ ನಾಗನಿಗೆ ಕೋಪ ಬರುತ್ತದೆ ಎಂದು ನಂಬಿದವರು ನಾವು. ಬೆಳ್ಳಿ ಕೆಟ್ಟವಳಲ್ಲ. ಅವಳು ಕಳಿಸಿದ ಊಟ ಬಿಸಿಬಿಸಿಯಾಗಿ ಆಸ್ಪತ್ರೆಯ ಗೇಟಿನವರೆಗೆ ಬಂದಿತ್ತು.

ಈಗ ಅನೂಪನ ಮಾತು. ಅವನು ಹೊರಗಿನ ಜಗಲಿಯಲ್ಲಿ ಕೂತಿದ್ದ. ಅತ್ತೆ ಬಂದು ಕಷ್ಟ ಹೇಳಿಕೊಂಡಾಗ, "ನಾ ಇರ್ತೆ ಅತ್ತಿ, ನೀವ್ ಮನಿಗ್ ಹೋಯಿನಿ," ಎಂದು ಎದ್ದ. ವಾರ್ಡಿನ ಬಾಗಿಲಲ್ಲಿ ಆಯಾ ಅಡ್ಡ ನಿಂತಳು. ಅವಳ ತಲೆಯ ಮೇಲೆ ಬೋರ್ಡು: ಗಂಡಸರಿಗೆ ಪ್ರವೇಶವಿಲ್ಲ.

"ಹೆತ್ತದ್ದ್ ನೀವಾ?" ಎಂದಳು ಆಯಾ. "ಅಲ್ಲ ಅಲ್ದಾ? ಹೊರ್ಗೆ ಕೂಕಣಿ."

ಸುತ್ತಲಿನವರು ನಕ್ಕರು. ಅನೂಪನೂ ನಕ್ಕ. ವಾಪಸು ಬಂದು ಅತ್ತೆಗೆ ಇನ್ನೊಂದು ದಾರಿ ಹೇಳಿದ. "ಹಾಂಗಾರೆ ನೀವಿಲ್ಲೇ ಇರಿ. ಮಾವನ್ನ ನಾ ಕಾಣ್ಕಂತೆ. ಗಂಜಿ ಕೊಡ್ತೆ, ಬಟ್ಟಿ ಬದ್ಲಿಸ್ತೆ. ಎಂತ ದೊಡ್ಡ್ ಕೆಲ್ಸ ಅದ್?"

ಈ ಕಥೆಯಲ್ಲಿ ನವ್ಯಾ ಬದುಕಬಹುದಾಗಿದ್ದ ಜಾಗ ಇದು. ಸೀತು ಹೂಂ ಅಂದಿದ್ದರೆ ಸಾಕಿತ್ತು.

"ಅಳಿಯನ ಹತ್ರ ಮಾವನ ಉಚ್ಚಿ ಬಟ್ಟಿ ತೊಳ್ಸುದಾ?" ಎಂದಳು ಸೀತು. "ಊರ್ ನನ್ನ ಕಂಡ್ ನಗಾಡ್ತ್. ನೀವ್ ಸುಮ್ನಿರಿ."

ಅವನು ವಾಪಸು ಜಗಲಿಗೆ ಹೋಗಿ ಕೂತ. ಅಳಿಯನ ಮರ್ಯಾದೆ ಉಳಿಯಿತು.

ನವ್ಯಾ ತಾಯಿಯನ್ನು ಒಂದೇ ಸಲ ಕೇಳಿದಳಂತೆ, ಮೆಲ್ಲಗೆ. "ಅಬ್ಬಿ, ಸಿಸ್ಟರ್ ಹೇಳ್ದಾಂಗೇ ಇಪ್ಪನಾ?"

"ಸುಮ್ನಿರ್ ಹೆಣ್ಣೆ. ನಿನ್ನ ಹೆತ್ತ್ ಮಾರ್ನೆ ದಿನ ನಾ ಮನಿಯಲ್ಲಿದ್ದೆ. ನಾ ಸತ್ನಾ?"

ಕಾಗದ ಬಂತು. ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದೇವೆ. ಸೀತು ಹೇಳಿದಳು, ಅನೂಪ್ ಸಹಿ ಹಾಕಿದ. ಯಾರ ಮೈಯಿಂದ ಮಗು ಹೊರಬಂದಿತ್ತೋ ಅವಳ ಸಹಿಗೆ ಆ ಕಾಗದದಲ್ಲಿ ಜಾಗವಿತ್ತೋ ಇಲ್ಲವೋ ಯಾರೂ ನೋಡಲಿಲ್ಲ. ಸಿಸ್ಟರ್ ಮಾತ್ರೆ ಕೊಟ್ಟಳು. ರಿಕ್ಷಾದವರೆಗೆ ಬಂದು ಹೇಳಿದಳು: "ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ ಒಂದು ನಿಮಿಷ ಕಾಯ್ಬೇಡಿ. ತಕ್ಷಣ ಕರ್ಕೊಂಡು ಬನ್ನಿ. ಅಮ್ಮ, ಕೇಳಿತಾ?"

ಕೇಳಿತ್ತು. ಸೀತುವಿಗೂ ಕೇಳಿತ್ತು, ಮಡಿಲಲ್ಲಿ ಮಗು ಇಟ್ಟುಕೊಂಡು ಕೂತಿದ್ದ ಗುಲಾಬಿಗೂ ಕೇಳಿತ್ತು.

ಬುಧವಾರ ಸಂಜೆ ನವ್ಯಾಳಿಗೆ ಮೊದಲ ನೀರು. ಗುಲಾಬಿ ಹಂಡೆ ತುಂಬ ನೆಕ್ಕಿ ಸೊಪ್ಪು ಹಾಕಿ ಕುದಿಸಿದ್ದಳು. ಎಣ್ಣೆ ಹಚ್ಚಿ, ಸೊಂಟಕ್ಕೆ, ಬೆನ್ನಿಗೆ ಬಿಸಿನೀರು ಬೀಸಿ ಹೊಯ್ದು, ಹೊಟ್ಟೆಗೆ ಬಟ್ಟೆ ಬಿಗಿದು ಮಲಗಿಸಿದಳು. ಹುಡುಗಿ ಹಗುರಾಗಿ ನಿದ್ದೆಹೋದಳು. "ಕಂಡ್ಯಾ," ಎಂದಳು ಗುಲಾಬಿ ಸೀತುವಿಗೆ, "ಆಸ್ಪತ್ರಿಯಲ್ ಈ ಸುಖ ಇತ್ತಾ?"

ಇರಲಿಲ್ಲ. ಇದನ್ನೂ ಒಪ್ಪಿಕೊಳ್ಳೋಣ. ಎಂಟು ಮಂಚಕ್ಕೆ ಒಂದು ಬಚ್ಚಲು, ಅದರಲ್ಲಿ ತಣ್ಣೀರು. ಮಳೆಗಾಲದಲ್ಲಿ ತಣ್ಣೀರು ಕೊಟ್ಟು, ಜೊತೆಗಿರುವ ಹೆಂಗಸನ್ನು ಮಂಚದಡಿಯ ನೆಲದಲ್ಲಿ ಮಲಗಿಸಿ, ಜನ ಯಾಕೆ ಬೇಗ ಮನೆಗೆ ಓಡುತ್ತಾರೆ ಎಂದು ಮೀಟಿಂಗಿನಲ್ಲಿ ಚರ್ಚೆ ಮಾಡುವವರು ಆ ನೆಲದಲ್ಲಿ ಮೊದಲು ಒಂದು ದಿನ ಮಲಗಲಿ.

ಗುರುವಾರ ಬೆಳಿಗ್ಗೆ ನವ್ಯಾ ತಲೆ ಹಿಡಿದುಕೊಂಡೇ ಎದ್ದಳು. ಗುಲಾಬಿ ಅಮಾವಾಸ್ಯೆಯ ಕಡಲ ಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ಬಂದಾಗ ಒಂಬತ್ತು ಗಂಟೆ.

"ಅಜ್ಜಿ, ತಲಿ ಒಡ್ದ್ ಹೋಪಾಂಗ್ ಆತಿತ್. ನಿಮ್ಮ ಮೋರಿ ಸಮಾ ಕಾಂತಿಲ್ಲೆ."

ಬಾಗಿಲಾಚೆ ನಿಂತಿದ್ದ ಅನೂಪ್ ಹೇಳಿದ, "ಸಿಸ್ಟರ್ ಹೇಳದ್ದ್ ಇದೇ ಅಲ್ದಾ? ನಾ ರಿಕ್ಷಾ ತತ್ತೆ."

ಸೀತು ಗುಲಾಬಿಯ ಮುಖ ನೋಡಿದಳು. ಎಲ್ಲರೂ ಗುಲಾಬಿಯ ಮುಖ ನೋಡಿದರು. ನಲವತ್ತು ವರ್ಷ ಹೀಗೇ ನೋಡಿದ್ದರು.

"ಇವತ್ತ್ ಅಮಾಸಿ," ಎಂದಳು ಗುಲಾಬಿ. "ಬಾಳಂತಿ ಹೊಸ್ತಿಲ್ ದಾಟುಕಾಗ. ಅದ್ ನೆತ್ತಿಗ್ ಶೀತ ಹೊಕ್ಕದ್ದ್, ಆಸ್ಪತ್ರಿ ಫ್ಯಾನಿನ್ ಗಾಳಿ. ನೆತ್ತಿಗ್ ಎಣ್ಣಿ ಹಾಕಿ ನಾಕ್ ತಂಬ್ಗಿ ಬಿಸಿನೀರ್ ಹೊಯ್ತೆ, ಇಳಿತ್. ಇಳಿಯದಿರೆ, ಪಾಡ್ಯ ಆರೂ ಅಡ್ಡಿಲ್ಲೆ, ನಾಳೆ ಬೆಳಿಗ್ಗೆ ಹೋಪ."

ಅನೂಪ್ ಎರಡು ಸಲ ಅಂಗಳಕ್ಕೆ ಇಳಿದು ಎರಡು ಸಲ ಮೇಲೆ ಬಂದ. ಹೆಂಡತಿಯ ತವರುಮನೆ ಅದು. ಅಲ್ಲಿ ಅವನು ನೆಂಟ; ನೆಂಟನಿಗೆ ಮಣೆ ಹಾಕುತ್ತಾರೆ, ಮಾತಿಗೆ ಜಾಗ ಕೊಡುವುದಿಲ್ಲ.

ಹತ್ತೂವರೆಗೆ, ಬಚ್ಚಲಿನಲ್ಲಿ, ಎರಡನೆಯ ತಂಬಿಗೆ ನೀರು ಬೀಳುವಾಗ ನವ್ಯಾಳ ಕುತ್ತಿಗೆ ಸೆಟೆಯಿತು. ಕಣ್ಣು ಮೇಲಾಯಿತು. ಮೈಯೆಲ್ಲ ಅದುರಿ ಮಣೆಯಿಂದ ಜಾರಿತು. ಗುಲಾಬಿ ಅವಳ ತಲೆ ಕಲ್ಲಿಗೆ ಬಡಿಯದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಸಾವಿರ ತಲಿ ಹಿಡ್ದ್ ಕೈ," ಎಂದಳು ನನಗೆ. "ಅಷ್ಟ್ ಭಾರದ ತಲಿ ಹಿಡಿಲಿಲ್ಲೆ."

ಹೊರಗೆ ಯಾರೋ ಅಮಾವಾಸ್ಯೆಯ ಗಾಳಿ ಸೋಕಿತು ಎಂದರು, ಮಂತ್ರಿಸುವವರನ್ನು ಕರೆಯಲು ಓಡಿದರು. ಒಳಗಿನಿಂದ ಗುಲಾಬಿ ಕಿರುಚಿದಳು: "ಅನೂಪಾ, ಒಳ್ಗ್ ಬಾ! ಎತ್ತ್ ಇವ್ಳನ್ನ! ಅಮಾಸಿ ಹಾಳಾಯ್ಲಿ, ಎತ್ತ್!"

ಒದ್ದೆ ಮೈಯನ್ನು ಹಾಗೇ ಸೀರೆಯಲ್ಲಿ ಸುತ್ತಿ ಅವನು ಎತ್ತಿಕೊಂಡು ಓಡಿದ. ಬಾಣಂತಿ ಅಮಾವಾಸ್ಯೆಯಂದೇ ಹೊಸ್ತಿಲು ದಾಟಿದಳು. ಅದೇ ಆಸ್ಪತ್ರೆ, ಅದೇ ಸಿಸ್ಟರ್. ಅವಳು ಓಡಿ ಬಂದು ಸೂಜಿ ಚುಚ್ಚಿದಳು. ಅಲ್ಲಿಂದ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ. ದಾರಿಯಲ್ಲಿ ಮತ್ತೆ ಎರಡು ಸಲ ಮೈ ಸೆಟೆಯಿತು. ಮಿದುಳಿನಲ್ಲಿ ರಕ್ತ ಸೋರಿದೆ ಎಂದರು ಅಲ್ಲಿ. ಹೆರಿಗೆಯಾದ ಮೇಲೂ ಬಿ.ಪಿ. ಏರುತ್ತದೆ, ಅದಕ್ಕೆ ಔಷಧವಿದೆ, ಹೊತ್ತಿಗೆ ಸಿಕ್ಕಿದರೆ ಬಹಳ ಮಂದಿ ಬದುಕುತ್ತಾರೆ ಎಂದರು. ಹೊತ್ತಿಗೆ ಎಂದರೆ ಬುಧವಾರ ರಾತ್ರಿ, ಗುರುವಾರ ಬೆಳಿಗ್ಗೆ. ಆ ಹೊತ್ತಿನಲ್ಲಿ ಅವಳು ಮಲಗಿರಬೇಕಾದ ಮಂಚದಲ್ಲಿ ಬೇರೆ ಯಾರೋ ಇದ್ದರು.

ನವ್ಯಾ ಶನಿವಾರ ಮಧ್ಯಾಹ್ನ ತೀರಿಕೊಂಡಳು. ಸಂಜೆಯೊಳಗೆ ನಾವುಂದಕ್ಕೆ ತಂದರು. ಬಾಣಂತಿಯನ್ನು ಮನೆಗೆ ತರಲು ಶನಿವಾರ ಆಗುವುದಿಲ್ಲ ಎಂದಿದ್ದರಲ್ಲ, ಹೆಣ ತರಲು ಯಾರೂ ವಾರ ಕೇಳಲಿಲ್ಲ.

ಅವಳ ಆಯುಷ್ಯ ಅಷ್ಟೇ ಇತ್ತು ಎಂದರು ಊರವರು. ಕಾಗದದಲ್ಲಿ ಸಹಿ ಇದೆ ಎಂದರು ಆಸ್ಪತ್ರೆಯವರು. ಸೀತು ಮಂಜನಿಗೆ ಗಂಜಿ ಕುಡಿಸುತ್ತಾಳೆ, ಕೆಲವೊಮ್ಮೆ ಚಮಚ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಅನೂಪ್ ಆಗಸ್ಟಿನಲ್ಲಿ ಬೋಟು ಹತ್ತಿದ. ಈ ಸಾವಿನ ಬಗ್ಗೆ 'ನಾನು' ಎಂಬ ಮಾತು ಬಳಸಿದವಳು ಇಡೀ ನಾವುಂದದಲ್ಲಿ ಒಬ್ಬಳೇ.

"ದಿನ ಇಟ್ಟದ್ದ್ ನಾನ್," ಎಂದಳು ಗುಲಾಬಿ. "ತಡ್ದದ್ದೂ ನಾನ್. ಬರೀನಿ, ನನ್ನ ಹೆಸ್ರ್ ಹಾಕಿಯೇ ಬರೀನಿ."

ಬರೆದಿದ್ದೇನೆ.

ತಾಯಿಯಿಲ್ಲದ ಮಗುವನ್ನು ನಲವತ್ತು ದಿನ ಮೀಯಿಸಿದ್ದು ಗುಲಾಬಿಯೇ. ಸೀತು ಬೇಡವೆನ್ನಲಿಲ್ಲ, ಬಾ ಎಂದೂ ಹೇಳಲಿಲ್ಲ. ಹೊತ್ತಿಗೆ ಸರಿಯಾಗಿ ಬಂದು, ನೀರು ಕಾಯಿಸಿ, ಮೊಣಕೈ ಅದ್ದಿ ಹದ ನೋಡಿ, ಕಾಲ ಮೇಲೆ ಮಲಗಿಸಿ ಮೀಯಿಸಿ ಹೋಗುವಳು. ಮೂಗು ಮಾತ್ರ ತಿದ್ದಲಿಲ್ಲವಂತೆ. "ಅವ್ಳ್ ಕಂಡ್ ನಗಾಡಿದ್ದ್ ಮೂಗ್ ಅದ್. ಹಾಂಗೇ ಇರ್ಲಿ."

ಆಮೇಲೆ ದೀಪಾವಳಿ ಕಳೆದು ನಾಲ್ಕು ಮನೆ ಆಚೆಯ ಅನ್ವಿತಾ ಹೆತ್ತಳು. ಅದೇ ಆಸ್ಪತ್ರೆ. ಅವಳ ಅತ್ತೆಯಿಂದ ಅದೇ ಫೋನು: ಯಾವತ್ತು ಕರೆದುಕೊಂಡು ಬರುವುದು?

"ಡಾಕ್ಟ್ರ್ ಬಿಟ್ಟ್ ದಿನ," ಎಂದಳು ಗುಲಾಬಿ.

"ಅದಲ್ದೇ. ಒಳ್ಳೆ ದಿನ ಯಾವ್ದ್ ಹೇಳಿ."

"ಅದೇ ಒಳ್ಳೆ ದಿನ. ಬೇರೆ ದಿನ ನಂಗೊತ್ತಿಲ್ಲೆ."

ಅಷ್ಟಕ್ಕೇ ಬಿಡದೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು. ಬಾಗಿಲಲ್ಲಿ ನಿಂತು, "ನೀವೆಲ್ಲ ಮನಿಗ್ ಹೋಯಿ ಬನಿ, ನಾ ಇಲ್ಲ್ ಕೂಕಂತೆ. ಎಷ್ಟ್ ದಿನ ಆರೂ ಕೂಕಂತೆ. ನಂಗೆಂತ ಬೇಡ," ಎಂದಳು. ಅತ್ತೆ ಗುಲಾಬಿಯ ಕೈ ನೋಡಿದಳು. ಆ ಕೈಯಲ್ಲೇ ತನ್ನ ಮಗನನ್ನು ಮೀಯಿಸಿದ್ದು ಅವಳಿಗೆ ಮರೆತಿರಲಿಕ್ಕಿಲ್ಲ. "ಬೇಡ ಗುಲಾಬಿಯಕ್ಕ," ಎಂದಳು. "ನೀವ್ ಮುಟ್ಟಿದ್ದ್ ಸಾಕ್."

ಗುಲಾಬಿ ಬಸ್‌ಸ್ಟ್ಯಾಂಡಿನಲ್ಲಿ ಮೂರು ಬಸ್ಸು ಬಿಟ್ಟು ನಾಲ್ಕನೆಯದಕ್ಕೆ ಹತ್ತಿದಳು.

ಅನ್ವಿತಾಳ ಮನೆಯವರು ಬೈಂದೂರು ಕಡೆಯಿಂದ ಬೇರೊಬ್ಬ ಹೆಂಗಸನ್ನು ಗೊತ್ತು ಮಾಡಿದರು. ಅವಳು ದಿನ ಇಟ್ಟಳು. ಹೆತ್ತು ಮೂವತ್ತು ಗಂಟೆಗೆ ಅನ್ವಿತಾ ಮನೆಗೆ ಬಂದಳು. ಚೆನ್ನಾಗಿದ್ದಾಳೆ. ಮಗುವೂ ಚೆನ್ನಾಗಿದೆ. ಅದರಿಂದ ಊರು ಕಲಿತ ಪಾಠ, ನೋಡಿ, ಏನೂ ಆಗಲಿಲ್ಲವಲ್ಲ ಎಂಬುದು. ಗುಲಾಬಿಗೆ ಈಗ ಫೋನು ಬರುವುದಿಲ್ಲ. ತಪ್ಪು ದಿನ ಇಟ್ಟದ್ದನ್ನು ಊರು ಕ್ಷಮಿಸುತ್ತಿತ್ತೋ ಏನೋ, ದಿನ ಇಡುವುದನ್ನೇ ಬಿಟ್ಟದ್ದನ್ನು ಕ್ಷಮಿಸಲಿಲ್ಲ. ಹಂಡೆ ಹಿತ್ತಲಿನಲ್ಲಿ ಬೋರಲು ಬಿದ್ದಿದೆ. ಅವಳು ಜಗಲಿಯಲ್ಲಿ ಕಾಲು ನೀಡಿ ಕೂತಿರುತ್ತಾಳೆ, ಮಗುವನ್ನು ಮಲಗಿಸಿಕೊಳ್ಳುವಾಗ ಕೂರುತ್ತಿದ್ದ ಹಾಗೆ.

ಗುಲಾಬಿಯನ್ನು ಬೈದು ಈ ಕಾಗದ ಮಡಚಿಡಬೇಡಿ. ಅವಳು ದಿನ ಇಟ್ಟಳು, ನಿಜ. ಆದರೆ ಭಾನುವಾರವೂ ಅವಳ ಬೆರಳಿನಲ್ಲಿತ್ತು. ಭಾನುವಾರದವರೆಗೆ ಆ ಮಂಚದ ಪಕ್ಕ ಕೂರಲು ಒಬ್ಬಳು ಸಿಕ್ಕಿದ್ದರೆ, ಒಬ್ಬ ಅಳಿಯ ಮಾವನ ಬಟ್ಟೆ ಒಗೆದರೆ ನಗದ ಒಂದು ಊರು ಸಿಕ್ಕಿದ್ದರೆ, ನವ್ಯಾಳ ಮಗುವಿಗೆ ಅಬ್ಬಿ ಇರುತ್ತಿದ್ದಳು.

ನಿಮ್ಮ ಕೇರಿಯಲ್ಲಿ ಈ ವಾರವೂ ಯಾರೋ ಹೆತ್ತಿದ್ದಾರೆ. ಅವಳ ತಾಯಿ ಈಗ ಮಂಚದ ಪಕ್ಕ ಕೂತು, ಮನೆಯಲ್ಲಿ ಬಿಟ್ಟು ಬಂದದ್ದನ್ನೆಲ್ಲ ಎಣಿಸುತ್ತಿದ್ದಾಳೆ. ಏಳಿ. ಊಟ ಗೇಟಿನವರೆಗೆ ಕಳಿಸಬೇಡಿ, ಒಳಗೆ ಹೋಗಿ. ಗಂಡಸಾದರೆ ಅವಳ ಮನೆಗೆ ಹೋಗಿ ಗಂಜಿ ಬೇಯಿಸಿ, ಬಟ್ಟೆ ಒಗೆಯಿರಿ. ಹೆಂಗಸಾದರೆ ಆ ಮಂಚದ ಪಕ್ಕ ಕೂತು ಅವಳ ತಾಯಿಗೆ ಹೇಳಿ: ನೀವು ಹೋಗಿ ಬನ್ನಿ, ಡಾಕ್ಟರು ಬಿಡುವವರೆಗೆ ನಾನಿದ್ದೇನೆ.